ಷರಾ ಕಾಲಂ

ಪರಿಸರಶಾಸ್ತ್ರದ ಯಾವ ಸಂಶೋಧನಾ ಲೇಖನ ತೆಗೆದರೂ ಅದರಲ್ಲಿ ‘ವಿಧಾನ’ ಅಂತ ಒಂದು ಭಾಗ ಇರುತ್ತದೆ. ಓದಿದರೆ ಕೆಲಸ ಬಹಳ ಸಲೀಸು ಅನ್ನಿಸುತ್ತದೆ. ‘ಪ್ಲಾಟ್‌ನಲ್ಲಿದ್ದ ಎಲ್ಲ ಮರಗಳ ಸುತ್ತಳತೆ ತೆಗೆಯಲಾಯಿತು.’ ‘ಪುನುಗು ಬೆಕ್ಕಿನ ಹಿಕ್ಕೆಯನ್ನು ಸಂಗ್ರಹಿಸಿ, ತೊಳೆದು, ಬೀಜ ಬೇರ್ಪಡಿಸಲಾಯಿತು.’ ಯಾರು ತೊಳೆದರು, ಯಾರ ಮನೆಯ ಜರಡಿಯಲ್ಲಿ ತೊಳೆದರು, ಆಮೇಲೆ ಆ ಮನೆಯಲ್ಲಿ ಏನೇನು ಮಾತು ನಡೆಯಿತು ಅಂತ ಒಂದಕ್ಷರ ಇರುವುದಿಲ್ಲ.

ಆ ಕಥೆಯೆಲ್ಲ ಇರುವುದು ಡೇಟಾ ಶೀಟಿನ ಕೊನೆಯ ಕಾಲಂನಲ್ಲಿ. ಷರಾ. ಎಂಎಸ್ಸಿ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ನಾನು ಮೊದಲು ಓದುವುದು ಅದನ್ನೇ. ಉಳಿದ ಕಾಲಂಗಳ ಅಂಕಿಗಳು ಹೇಗೂ ಕಂಪ್ಯೂಟರಿಗೆ ಹೋಗುತ್ತವೆ. ಷರಾ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ‘ಇಲ್ಲಿ ಜೇನು. ಓಡಿದೆವು. ಮತ್ತೆ ಎಣಿಸಬೇಕು.’ ‘ಟೇಪು ಹೊಳೆ ಪಾಲು.’ ‘ಜೆಲ್ ಪೆನ್ನಲ್ಲಿ ಬರೆದಿದ್ದೆ, ಮಳೆ ಬಂತು, ಈ ಸಾಲು ನೆನಪಿನಿಂದ.’ ಪೆನ್ಸಿಲ್ ತನ್ನಿ ಅಂತ ಬಸ್ಸು ಹತ್ತುವ ಮುಂಚೆ ಬಾಯಿ ನೋಯುವಷ್ಟು ಹೇಳಿರುತ್ತೇನೆ. ಎಂಎಸ್ಸಿಗೆ ಬಂದವರಿಗೆ ಪೆನ್ಸಿಲ್ ಹಿಡಿಯಲು ಸಂಕೋಚ.

ನಮ್ಮ ಕ್ಯಾಂಪ್ ನಡೆಯುವುದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಡೆ. ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇರುವ ಕಾಡು. ಬಸ್ಸಿನಲ್ಲಿ ಹೋಗುವವರಿಗೆ ತಿರುವು, ವಾಂತಿ ಬಿಟ್ಟರೆ ಬೇರೇನೂ ಗಮನಕ್ಕೆ ಬರುವುದಿಲ್ಲ. ಕೆಳಗಿಳಿದರೆ ರಾಂಪತ್ರೆ ಜಡ್ಡಿ, ಅಂದರೆ ಜಾಯಿಕಾಯಿ ಬಳಗದ ಕಾಡುಮರಗಳ ಜೌಗು. ವರ್ಷವಿಡೀ ನೀರು, ಕೆಸರು. ಅಂಥ ಕಡೆ ಬೇರಿಗೆ ಗಾಳಿ ಸಿಗುವುದು ಕಷ್ಟ. ಅದಕ್ಕೇ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಒಳಗೆ ಹೋಗುತ್ತವೆ. ಮರದ ಮೊಣಕಾಲಿಗೂ ವಿದ್ಯಾರ್ಥಿಗಳ ಮೊಣಕಾಲಿಗೂ ಪರಿಚಯವಾಗಲು ಜಾಸ್ತಿ ಹೊತ್ತೇನೂ ಬೇಕಾಗುವುದಿಲ್ಲ. ಗಂಡು ಕಪ್ಪೆಯೇ ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ ಇದೇ ಸೀಮೆಯದು. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಆ ಹೆಸರು ಕೊಟ್ಟರು. ರಾತ್ರಿ ಟಾರ್ಚ್ ಹಿಡಿದು ಅದನ್ನು ನೋಡಲು ಹೋದ ನಮ್ಮ ತಂಡವೂ ಮೈತುಂಬ ಕೆಸರು ಮೆತ್ತಿಕೊಂಡೇ ಬಂತು. ಕಪ್ಪೆ ಬೇಕಂತಲೇ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯಬೇಕು ಅನ್ನುವುದು ಪಾಠ. ಎದೆಮಟ್ಟ ಅಂದರೆ ನೆಲದಿಂದ 130 ಸೆಂಟಿಮೀಟರ್. ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸಿರುತ್ತಾರೆ. ಕಾಡಿಗೆ ಬಂದ ಮೇಲೆ ಆರಡಿ ಎತ್ತರದ ಹುಡುಗ ತನ್ನ ಎದೆಗೆ ಹಿಡಿದು ಅಳೆಯುತ್ತಾನೆ, ಐದಡಿಗೂ ಕಡಿಮೆ ಇರುವ ಹುಡುಗಿ ತನ್ನ ಎದೆಗೆ. ಒಂದೇ ಮರ, ಬೆಳಿಗ್ಗೆ ಸಣಕಲು, ಸಂಜೆ ದಪ್ಪ. ಜಗಳ ಬೇಡ ಅಂತ ಅಳತೆಗೆ ಸರಿಯಾಗಿ ಒಂದೊಂದು ಕೋಲು ಕಡಿದು ಕೊಟ್ಟೆವು. ಆಗ ಹೊಸ ತಕರಾರು ಶುರುವಾಯಿತು. “ಮ್ಯಾಮ್, ನೆಲ ಅಂದ್ರೆ ಯಾವುದು? ನೀರಿನ ಮೇಲಾ, ನೀರಿನ ಕೆಳಗಾ?” ಕೋಲು ಊರಿದರೆ ಕೆಸರಿನಲ್ಲಿ ಒಂದು ಗೇಣು ಇಳಿಯುತ್ತಿತ್ತು. ಒತ್ತಿದರೆ ಇನ್ನೊಂದು ಗೇಣು. ಪ್ರಶ್ನೆ ನ್ಯಾಯವಾದದ್ದೇ. ಊರುಗಾಲಿನ ಬೇರು ಬಿಟ್ಟ ಮರವಾದರೆ ಬೇರು ಮುಗಿದ ಮೇಲೆ ಅಳೆಯಬೇಕು ಅಂತ ನಿಯಮ ಇದೆ. ಆ ಬೇರು ಮುಗಿಯುವ ಜಾಗ ಆರಡಿ ಹುಡುಗನ ತಲೆಯಿಂದ ಮೇಲೆ.

ನಮ್ಮದು ಅಂಗೈ ಅಗಲದ ಕೆಲಸ. ಪನಾಮದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ದಶಕದ ಶುರುವಿನಲ್ಲಿ 50 ಹೆಕ್ಟೇರ್ ಕಾಡನ್ನು ಅಳೆಯಲು ಹಿಡಿದವರು ಇಂದಿಗೂ ಬಿಟ್ಟಿಲ್ಲ. ನಮ್ಮ ಪಕ್ಕದ ತಮಿಳುನಾಡಿನ ಮುದುಮಲೈಯಲ್ಲಿ ಅಷ್ಟೇ ದೊಡ್ಡ ಪ್ಲಾಟ್ 1988ರಲ್ಲಿ ಶುರುವಾಯಿತು. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಗೂ ಅಲ್ಲಿ ನಂಬರ್ ಪ್ಲೇಟು. ಆನೆಗಳು ಬಂದು ನಂಬರಿನ ಸಮೇತ ಮರ ಮುರಿದು ತಿನ್ನುತ್ತವೆ. ಅದನ್ನೂ ಬರೆದಿಡುತ್ತಾರೆ, ಆನೆಯಿಂದ ಯಾವ ಜಾತಿ ಕಮ್ಮಿಯಾಯಿತು ಅಂತ ಗೊತ್ತಾಗಿದ್ದೇ ಹಾಗೆ. ಇದನ್ನು ಹೇಳಿ ಹುರುಪು ತುಂಬೋಣ ಅಂತ ಹೊರಟರೆ, ಒಬ್ಬಳು ಕೈಯೆತ್ತಿ ಕೇಳಿದಳು: “ಮ್ಯಾಮ್, ಇದು ಎಕ್ಸಾಮ್‌ಗೆ ಬರುತ್ತಾ?”

ಮರ ಗುರುತಿಸುವ ಪಾಠ ಇನ್ನೂ ನೇರ. ಕತ್ತಲೆಕಾನು ಗೇರಿನ ಬಳಗದ ಮರಗಳಿಗೆ ಹೆಸರಾದ ಕಾಡು. 2000ರಲ್ಲಿ ಇಲ್ಲಿನ ಹೊಸ ಜಾತಿಯೊಂದಕ್ಕೆ ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಕರೆದಿದ್ದಾರೆ. ಅದರ ನೆಂಟ ಹೊಳಿಗೇರು. ಎಲೆಯ ತೊಟ್ಟು ಮುರಿದರೆ ಸೊನೆ ಬರುತ್ತದೆ, ಗಾಳಿಗೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಮುಟ್ಟಬೇಡಿ ಅಂತ ವಾಚರ್ ಅಣ್ಣ ಹೇಳಿದ. ತುಮಕೂರು ಕಡೆಯ ಹುಡುಗನೊಬ್ಬ ಮುಟ್ಟಲಿಲ್ಲ. ಬೆವರು ಒರೆಸಿಕೊಳ್ಳಲು ಆ ಮರಕ್ಕೇ ಒರಗಿ ನಿಂತ. ಶೀಟಿನಲ್ಲಿ ಜಾತಿಯ ಕಾಲಂನಲ್ಲಿ ‘ಹೊಳಿಗೇರು ಇರಬಹುದೇ?’ ಅಂತ ಪ್ರಶ್ನೆ ಚಿಹ್ನೆ ಹಾಕಿದ್ದ. ಮರುದಿನ ಬೆಳಿಗ್ಗೆ ಕೈ ಊದಿ, ಒಂದು ಕಣ್ಣು ಮುಚ್ಚಿಕೊಂಡಿತ್ತು. ಇದ್ದೊಂದು ಕಣ್ಣಲ್ಲೇ ಶೀಟು ಹುಡುಕಿ, ಪ್ರಶ್ನೆ ಚಿಹ್ನೆ ಹೊಡೆದುಹಾಕಿ, ಷರಾದಲ್ಲಿ ‘ಖಚಿತ’ ಅಂತ ಬರೆದ. ಇಂಥವನು ಮುಂದೆ ಬರುತ್ತಾನೆ ಅಂತ ನನಗೆ ಆಗಲೇ ಅನ್ನಿಸಿತು.

ಉಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಾದ್ದಿಲ್ಲ. ಆದರೆ ಹಕ್ಕಿ ಎಣಿಸುವ ವಿಧಾನವನ್ನು ಉಂಬಳದ ಕಡೆಯವರೇ ಯಾರೋ ಬರೆದಿರಬೇಕು ಅಂತ ನನ್ನ ಗುಮಾನಿ. ಒಂದು ಕಡೆ ನಿಲ್ಲಬೇಕು. ಅಲ್ಲಾಡಬಾರದು, ಮಾತಾಡಬಾರದು. ಹತ್ತು ನಿಮಿಷ ಸುಮ್ನೆ ನಿಂತು ಕಂಡ ಹಕ್ಕಿ, ಕೇಳಿದ ಹಕ್ಕಿ ಬರೆಯಬೇಕು. ಆ ಹೊತ್ತಿಗೆ ಸುತ್ತಲಿನ ತರಗೆಲೆಯಿಂದ ಅವು ಏಳುತ್ತವೆ. ಬಾಲದ ಕಡೆ ಕಚ್ಚಿ ನಿಂತು, ಮುಂದಿನ ತುದಿಯನ್ನು ಗಾಳಿಯಲ್ಲಿ ಆಡಿಸಿ, ನಮ್ಮ ಉಸಿರು, ಬಿಸಿ ಯಾವ ಕಡೆ ಇದೆ ಅಂತ ನೋಡಿ, ಅಳತೆ ಹಾಕುತ್ತ ಬರುತ್ತವೆ. ಮಕ್ಕಳ ಕಣ್ಣು ಮೇಲೆ ಕೊಂಬೆಯ ಕಡೆ ಇರುವುದಿಲ್ಲ, ಕೆಳಗೆ ಶೂಗಳ ಕಡೆ ಇರುತ್ತದೆ. ಮಂಗಟ್ಟೆ ತಲೆಯ ಮೇಲೆಯೇ ರೆಕ್ಕೆ ಬಡಿದು ಹೋದರೂ ಯಾರೂ ನೋಡಲಿಲ್ಲ. ವಿಜಯಪುರದ ಹುಡುಗ ಉಂಬಳವನ್ನು ಕಂಡಿದ್ದೇ ಅವತ್ತು. ಬೆರಳಿಂದ ಕಿತ್ತ, ಅದು ಬೆರಳಿಗೆ ಹತ್ತಿತು. ಇನ್ನೊಂದು ಬೆರಳಿಂದ ಕಿತ್ತ, ಅದು ಆ ಬೆರಳಿಗೆ. “ಮೇಡಮ್ಮಾರ, ಇದು ಬಿಡವಲ್ದ್ರೀ!” ಅಂತ ಕೂಗಿದ. ಇದ್ದ ಹಕ್ಕಿಗಳೂ ಹಾರಿಹೋದವು. ವಾಚರ್ ಅಣ್ಣ ಕವಳದ ಸಂಚಿಯಿಂದ ಸುಣ್ಣ, ಹೊಗೆಸೊಪ್ಪು ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟ. ನಾವು ಊರಿನಿಂದ ತಂದಿದ್ದ ದುಬಾರಿ ಸಾಕ್ಸಿಗಿಂತ ಅದೇ ಕೆಲಸಕ್ಕೆ ಬಂತು.

2012ರಲ್ಲಿ ವಿಯೆಟ್ನಾಂ ಕಾಡಿನ ಉಂಬಳಗಳು ಕುಡಿದ ರಕ್ತದ ಡಿಎನ್ಎ ನೋಡಿ, ಅಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾದ ಪಟ್ಟೆ ಮೊಲದ ಸುಳಿವು ಹಿಡಿದರು. ಇದನ್ನು ಊಟಕ್ಕೆ ಕೂತಾಗ ಹೇಳಿದೆ. ಅದೇ ಲೆಕ್ಕದಲ್ಲಿ ಯಾರಾದರೂ ನಮ್ಮ ಪ್ಲಾಟಿನ ಉಂಬಳ ಹಿಡಿದು ನೋಡಿದರೆ, ಈ ಕಾಡಿನಲ್ಲಿ ಎಂಎಸ್ಸಿ ಎರಡನೇ ವರ್ಷದವರ ಸಂಖ್ಯೆ ವಿಪರೀತ ಇದೆ ಅಂತ ವರದಿ ಬರುತ್ತದೆ. ಪ್ರಾಣಿ ಹಾದುಹೋದರೆ ತಾನೇ ಫೋಟೋ ತೆಗೆಯಲಿ ಅಂತ ಹೊರಗೆ ಇಟ್ಟಿದ್ದ ಕ್ಯಾಮೆರಾ ಟ್ರ್ಯಾಪ್ ಕೂಡ ಅದನ್ನೇ ಹೇಳಿತು. ದನ, ನಾಯಿ, ದನ, ಮತ್ತೆ ‘ಕೆಲಸ ಮಾಡ್ತಿದೆಯಾ ನೋಡೋಣ’ ಅಂತ ಇಣುಕಿದ ನಮ್ಮದೇ ಮುಖಗಳು.

ಈಗ ಜರಡಿಯ ವಿಷಯ.

ನಾವು ಉಳಿದುಕೊಳ್ಳುವುದು ಒಂದು ಅಡಿಕೆ ತೋಟದ ಮನೆಯಲ್ಲಿ. ಮನೆಯ ಅಮ್ಮ ಯಾವಾಗಲೂ ನಗುಮುಖದವರು, ಮಡಿ ಸ್ವಲ್ಪ ಜಾಸ್ತಿ. ಹಣ್ಣು ತಿಂದ ಪ್ರಾಣಿ ಬೀಜವನ್ನು ಎಲ್ಲಿ ಒಯ್ದು ಹಾಕುತ್ತದೆ ಅನ್ನುವುದು ಆ ಸಲದ ಒಬ್ಬನ ಪ್ರಾಜೆಕ್ಟು. ಪುನುಗು ಬೆಕ್ಕು ಬೈನೆ ಮರದ ಹಣ್ಣನ್ನು ತಿನ್ನುತ್ತದೆ. ನಾವು ಆ ಹಣ್ಣಿನ ತಿರುಳು ಮುಟ್ಟಿದರೆ ತುರಿಕೆ ಹತ್ತುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ತಿಂದು, ಕಲ್ಲಿನ ಮೇಲೋ ಬಿದ್ದ ಮರದ ಮೇಲೋ ಹಿಕ್ಕೆ ಹಾಕಿ ಹೋಗುತ್ತದೆ. ಹುಡುಗ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾರೀಕು ಬರೆದು, ಭಕ್ತಿಯಿಂದ ತಂದ. ತೊಳೆಯಲು ಜರಡಿ ಬೇಕು. ನಮ್ಮ ಜರಡಿ ಕಾಲೇಜಿನ ಲ್ಯಾಬಿನಲ್ಲೇ ಉಳಿದಿತ್ತು. ಹಿತ್ತಿಲ ಗೋಡೆಯ ಮೊಳೆಗೆ ಒಂದು ಜರಡಿ ತೂಗುಹಾಕಿತ್ತು. ಹೊರಗೆ ಇದೆ, ಅಡುಗೆಮನೆಯದಲ್ಲ ಅಂತ ಅವನ ತರ್ಕ. ತೊಳೆದು ಒಣಗಲು ಹಾಕಿದ್ದರು ಅಂತ ಹೊಳೆಯಲಿಲ್ಲ.

ನಲ್ಲಿಯ ಕೆಳಗೆ ಕೂತು ತೊಳೆಯುತ್ತಿದ್ದಾನೆ. ಅಮ್ಮ ಬಂದರು.

“ಎಂತ ತೊಳೀತಿದ್ದೆ ತಮಾ?”

“ಬೀಜ ಅಮ್ಮಾ.”

“ಎಂತ ಬೀಜ?”

“ಬೈನೆ ಬೀಜ.”

ಅಮ್ಮನಿಗೆ ಖುಷಿ. ಪಟ್ಟಣದ ಹುಡುಗ, ಕೂತು ಬೀಜ ತೊಳೆಯುತ್ತಿದ್ದಾನೆ. “ಎಷ್ಟು ಚೊಕ್ಕ ಮಾಡಿದ್ದೆಯೋ. ಎಲ್ಲಿ ಸಿಕ್ತು?”

ಅಲ್ಲಿಗೆ ನಿಲ್ಲಿಸಿ, ‘ಕಾಡಲ್ಲಿ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸ್ಯಾಂಪಲ್ ಎಲ್ಲಿ ಸಿಕ್ಕಿತು ಅಂತ ಯಾರು ಕೇಳಿದರೂ ಪೂರ್ತಿ ವಿವರ ಕೊಡಬೇಕು ಅಂತ ಕ್ಲಾಸಿನಲ್ಲಿ ಕಲಿಸಿದ್ದೇವಲ್ಲ. ಹುಡುಗ ಜಾಗ, ಹೊತ್ತು, ಪ್ರಾಣಿ, ಹಿಕ್ಕೆ ಎಷ್ಟು ಹಳೆಯದು, ಎಲ್ಲ ಹೇಳಿದ.

ಅಮ್ಮ ಕೂಗಲಿಲ್ಲ. ಜರಡಿಯನ್ನು ಒಮ್ಮೆ ನೋಡಿದರು. “ಅದು ಇನ್ನು ನಿಮ್ಗೇ ಇರಲಿ” ಅಂದು ಒಳಗೆ ಹೋದರು. ಅವತ್ತು ರಾತ್ರಿ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಸೌಟು, ತಟ್ಟೆ, ಸಿಬ್ಬಲು ಎಲ್ಲದರ ಗಣತಿ ನಡೆದಿತ್ತು ಅಂತ ಕಾಣುತ್ತದೆ. ಸಿದ್ದಾಪುರದ ಅಂಗಡಿಯಿಂದ ಹೊಸ ಜರಡಿ ತಂದು ಕೊಟ್ಟರೆ, ಬೆಳಕಿಗೆ ಹಿಡಿದು, ಸ್ಟಿಕ್ಕರ್ ಇದೆಯಾ ನೋಡಿ, ಆಮೇಲೆ ತೆಗೆದುಕೊಂಡರು.

ಬೀಜಗಳನ್ನು ಅಂಗಳದಲ್ಲಿ ಅಡಿಕೆಯ ಪಕ್ಕ ಒಣಗಲು ಹಾಕಿದ್ದೆವು. ಅಡಿಕೆ ಸುಲಿಯಲು ಬಂದ ಅಕ್ಕ ಇದೇನು ಅಂತ ಕೇಳಿದರು. ಹುಡುಗನಿಗೆ ಬುದ್ಧಿ ಬಂದಿರಲಿಲ್ಲ, ಮತ್ತೆ ಪೂರ್ತಿ ವಿವರ. ಜೊತೆಗೆ, ಪುನುಗು ಬೆಕ್ಕು ತಿಂದು ಹಾಕಿದ ಕಾಫಿ ಬೀಜಕ್ಕೆ ಹೊರದೇಶದಲ್ಲಿ ಸಿಕ್ಕಾಪಟ್ಟೆ ರೇಟು ಇದೆ, ಶ್ರೀಮಂತರು ಅದನ್ನೇ ಕುಡಿಯುತ್ತಾರೆ ಅಂತಲೂ ಸೇರಿಸಿದ. ಬಾಗಿಲಲ್ಲಿ ನಿಂತಿದ್ದ ಅಮ್ಮ ಮೊದಲ ಸಲ ಆ ಬೀಜಗಳ ಹತ್ತಿರ ಬಂದು ಬಗ್ಗಿ ನೋಡಿದರು. “ಬೈನೆಗೆ ರೇಟಿಲ್ವಾ?”

ಅದೇ ಮನೆಯ ಅಜ್ಜನ ಕಥೆ ಬೇರೆ. ಗಿಡಗಳ ಸ್ಯಾಂಪಲ್ಲನ್ನು ಹಳೆಯ ಪೇಪರಿನ ನಡುವೆ ಇಟ್ಟು, ಹಲಗೆ ಹಾಕಿ ಬೆಲ್ಟಿನಿಂದ ಬಿಗಿದು, ಬಚ್ಚಲ ಒಲೆಯ ಪಕ್ಕ ಇಟ್ಟಿದ್ದೆವು. ಮಳೆಗೆ ಬಸ್ಸು ಬರದೆ ಅಜ್ಜನಿಗೆ ಪೇಪರ್ ಸಿಕ್ಕಿರಲಿಲ್ಲ. ನಾವು ಕಾಡಿನಿಂದ ಬರುವಷ್ಟರಲ್ಲಿ ಬೆಲ್ಟ್ ಬಿಚ್ಚಿ, ಪೇಪರುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಕನ್ನಡಕ ಹಾಕಿಕೊಂಡು ಓದುತ್ತ ಕೂತಿದ್ದರು. ಎಲೆಗಳನ್ನು ಎಸೆದಿರಲಿಲ್ಲ ಪಾಪ. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಚೀಟಿಗಳೆಲ್ಲ ಇನ್ನೊಂದು ಕಡೆ. ಯಾವ ಚೀಟಿ ಯಾವ ಎಲೆಯದು ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಜ್ಜನೇ ಕೇಳಿದರು, “ಹದಿನಾರನೇ ತಾರೀಕಿಂದು ಒಳಪುಟ ಎಲ್ಲಿ ಹೋತು?”

ಇನ್ನೊಂದು ಉಳಿದಿದೆ. ಬೇಸಿಗೆಯ ಕ್ಯಾಂಪಿನಲ್ಲಿ ಒಬ್ಬಳು ತರಗೆಲೆಯ ಪ್ರಾಜೆಕ್ಟು ತೆಗೆದುಕೊಂಡಳು. ಒಂದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗೆ ಬಿದ್ದ ಎಲೆಯ ತೂಕ ಮಾಡುವುದು. ಸುಲಭದ ಕೆಲಸ ಅಂತ ಅವಳೇ ಆರಿಸಿಕೊಂಡಿದ್ದು. ಮನೆಯ ಸೊಪ್ಪಿನ ಬೆಟ್ಟದಲ್ಲಿ ಚೌಕ ಹಾಕಿ ಬಂದಳು. ಆ ಸೀಮೆಯಲ್ಲಿ ಅಡಿಕೆ ತೋಟಕ್ಕೆ ಗೊಬ್ಬರ ಬರುವುದೇ ಬೆಟ್ಟದಿಂದ ತಂದು ಕೊಟ್ಟಿಗೆಯಲ್ಲಿ ದನದ ಕೆಳಗೆ ಹಾಸುವ ಸೊಪ್ಪು, ದರಕಿನಿಂದ. ದರಕು ಅಂದರೆ ಇದೇ ತರಗೆಲೆ. ಮರುದಿನ ಹೋದರೆ ಬೆಟ್ಟವನ್ನು ಪೂರ್ತಿ ಗುಡಿಸಿ ಒಯ್ದಿದ್ದರು. ಹಗ್ಗವನ್ನು ಮುಟ್ಟಿರಲಿಲ್ಲ. ಚೌಕದ ಒಳಗೂ ಹೊರಗೂ ಕಸಬರಿಗೆಯ ಗೆರೆ. ಮೂರನೇ ಪ್ಲಾಟಿನ ಮುಂದೆ ಅವಳು ಸೊನ್ನೆ ಬರೆದು, ಷರಾದಲ್ಲಿ ‘ಕೊಟ್ಟಿಗೆಯಲ್ಲಿದೆ’ ಅಂತ ಹಾಕಿದಳು.

ವೈವಾಕ್ಕೆ ಬಂದ ಪರೀಕ್ಷಕರು ಶಿರಸಿ ಕಡೆಯವರು. ಅಂಕಿಯ ಪುಟ ತಿರುವಿ ಬೆರಳಿಟ್ಟರು.

“ಇಲ್ಲಿ ಸೊನ್ನೆ ಯಾಕಮ್ಮ?”

“ಸರ್, ಆ ಎಲೆ ಮೇಲೆ ದನ ಮಲಗಿತ್ತು.”

ನಾನು ಕಿಟಕಿಯ ಕಡೆ ತಿರುಗಿದೆ. ಅವರು ಮಾತ್ರ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು, “ಹಂಗಾರೆ ಗೊಬ್ಬರ ತೂಕ ಮಾಡಿದ್ಯಾ?”

ಮಾಡಿರಲಿಲ್ಲ. ಎರಡು ಮಾರ್ಕ್ಸ್ ಹೋಯಿತು.