72ನೆಯ ಪುಟದ ಮೂರನೆಯ ಸಾಲು

"ಪುಸ್ತಕ ಮರೆಯಬೇಡಿ, ದುರ್ಬೀನು ಇದ್ದವರು ತನ್ನಿ" ಎಂದು ಓದುಗರ ಬಳಗದಿಂದ ಸಂದೇಶ ಬಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎರಡನ್ನೂ ತರುವವನಿಗೆ ಮೂಗು ಒಂದೇ ಎಂಬುದು ಸಂಘಟಕರಿಗೆ ಹೊಳೆದಂತಿರಲಿಲ್ಲ. ಓದಿಗೂ ಕಾಡಿಗೂ ಇರುವ ನಂಟಿನ ಬಗ್ಗೆ ಬರೆಯಬೇಕೆಂದೇ ಕೂತಿದ್ದೇನೆ. ಮೊದಲು ಕನ್ನಡಕದ ವಿಷಯ ಮುಗಿಸಿಬಿಡುತ್ತೇನೆ.

ಮರದಡಿ ಗುಂಡಾಗಿ ಕೂತು ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಮರಕುಟಿಗದ ಅಧ್ಯಾಯ, 72ನೆಯ ಪುಟ. ಓದುವ ಕನ್ನಡಕ ಏರಿಸಿ ಮೂರನೆಯ ಸಾಲಿಗೆ ಬಂದಿದ್ದೆನಷ್ಟೇ, "ಅಗೋ, ಮರಕುಟಿಗವೇ!" ಎಂದು ಯಾರೋ ಪಿಸುಗುಟ್ಟಿದರು. ಕಾಡಿನಲ್ಲಿ ಪಿಸುಮಾತಿಗಿರುವ ಅಧಿಕಾರ ಕೂಗಿಗಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟೆ, ಸಾಲು ತಪ್ಪದಂತೆ ಬೆರಳಿಟ್ಟೆ, ಇನ್ನೊಂದು ಕೈಯಲ್ಲಿ ದುರ್ಬೀನು ಎತ್ತಿದೆ. ನನ್ನದು 8×42: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರು. ಕೈನಡುಕವನ್ನೂ ಎಂಟು ಪಟ್ಟು ಹಿಗ್ಗಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರಲಿಲ್ಲ. "ಎಲ್ಲಿ?" ಎಂದರೆ "ಆ ಕವಲಿನ ಎಡಕ್ಕೆ" ಎನ್ನುತ್ತಾರೆ. ಕವಲಿಲ್ಲದ ಮರ ಯಾವುದು ಸ್ವಾಮಿ? ಫೋಕಸ್ ಕೂಡಿ ಒಂದು ಎಲೆ ಸ್ಪಷ್ಟವಾಗುವಷ್ಟರಲ್ಲಿ "ಹೋಯಿತು" ಎಂದರು. ಮತ್ತೆ ಕನ್ನಡಕ, ಮತ್ತೆ ಮೂರನೆಯ ಸಾಲು. ಹೀಗೆ ಐದು ಬಾರಿ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 2007ರಲ್ಲಿ ಶುರುವಾದ ಒಂದು ಉಪಾಯವಿದೆ. ಮಕ್ಕಳ ಚಿತ್ರಪುಸ್ತಕದ ಹಾಳೆಗಳನ್ನು ಬಿಡಿಸಿ ಕಾಲುದಾರಿಯುದ್ದಕ್ಕೂ ನೆಟ್ಟಿರುತ್ತಾರೆ. ಮುಂದಿನ ಪುಟ ಬೇಕಾದರೆ ಮುಂದಕ್ಕೆ ನಡೆಯಬೇಕು. ಪುಣ್ಯವಂತರು, ಎರಡೂ ಕೈ ಖಾಲಿ.

ನಮ್ಮಲ್ಲಿ ಕೈ ಖಾಲಿ ಇದ್ದವರು ಒಬ್ಬರೇ. ಅವರ ಪುಸ್ತಕ ಚೀಲದಿಂದ ಹೊರಗೇ ಬಂದಿರಲಿಲ್ಲ. ಬಂದದ್ದು ಹಕ್ಕಿಗಳ ಪಟ್ಟಿ. "ಹಕ್ಕಿಯನ್ನೇ ನೋಡಿದ ಮೇಲೆ ಅಧ್ಯಾಯ ಯಾಕೆ ಬೇಕು?" ಎಂದು ನಕ್ಕರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಹಕ್ಕಿಯ ನಾಲಿಗೆಯ ಎಲುಬು ತಲೆಬುರುಡೆಯ ಹಿಂದಿನಿಂದ ಸುತ್ತಿ ಹಣೆಯ ಕಡೆಗೆ ಬರುತ್ತದೆ. ಅದನ್ನು ಯಾವ ಕೊಂಬೆಯ ಮೇಲೆ ನೋಡಿದರಂತೆ? ನನ್ನ ಮೂರನೆಯ ಸಾಲು ಅದನ್ನೇ ಹೇಳುತ್ತಿತ್ತು.

ಆರನೆಯ ಪಿಸುಮಾತಿಗೆ ನಾನು ಎದ್ದೇಬಿಟ್ಟೆ, ಕನ್ನಡಕ ಮಡಿಲಿನಿಂದ ಜಾರಿ ತರಗೆಲೆಗಳ ಮೇಲೆ ಬಿತ್ತು, ಪಟ್ಟಿಯವರು ಅದರ ಮೇಲೇ ಕಾಲಿಟ್ಟರು. ಕ್ಷಮೆಯನ್ನೂ ಪಿಸುಮಾತಿನಲ್ಲೇ ಕೇಳಿದರು, ಹಕ್ಕಿ ಹಾರೀತೆಂದು.

ದುರ್ಬೀನನ್ನು ತಲೆಕೆಳಗು ಮಾಡಿ, ಕಣ್ಣಿಡುವ ತುದಿಯನ್ನು ಹಾಳೆಯ ತೀರ ಹತ್ತಿರಕ್ಕೆ ತಂದು ದೊಡ್ಡ ತುದಿಯಿಂದ ಇಣುಕಿದರೆ ಅದು ಭೂತಗನ್ನಡಿಯಾಗುತ್ತದೆ. ಸಿಟ್ಟಿನಲ್ಲಿ ಅದು ನೆನಪಾಯಿತು. ಒಮ್ಮೆಗೆ ಎರಡೇ ಪದ ಕಾಣುತ್ತವೆ. "ಅದರ ನಾಲಿಗೆಯ..." ಎಂದು ಓದಿ, ಸರಿಸಿ, ಹುಡುಕಿ, ಮುಂದಿನೆರಡು ಪದ ಓದಿದೆ. ಭಾವ ತುಂಬಿ ಓದುತ್ತಿದ್ದೇನೆಂದು ತಿಳಿದು ಎಲ್ಲರೂ ಸುಮ್ಮನಾದರು. ನೆತ್ತಿಯ ಮೇಲೆಲ್ಲೋ ಟಕಟಕ ಕೇಳಿಸಿತು. ನಾನು ನಾಲ್ಕನೆಯ ಸಾಲಿಗೆ ಹೋದೆ.