ಆರನೇ ಪ್ರಶ್ನೆ

ಎಲೆಕ್ಟ್ರಿಕಲ್ ಆ್ಯಂಡ್ ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡೋಣ ಅಂತ ಒಂದು ವಿಭಾಗದ ಕೈಪಿಡಿ ತೆರೆದೆ. ಹೆಸರು ಬೇಡ ಬಿಡಿ. ಎಂ.ಎಸ್. ಥೀಸಿಸ್ (ಸಂಶೋಧನಾ ಪ್ರಬಂಧ) ಸಹಿತ. ಎಂ.ಎಸ್. ಥೀಸಿಸ್ ರಹಿತ. ಥೀಸಿಸ್ ರಹಿತ ಆದರೆ ಪ್ರಾಜೆಕ್ಟ್ ಸಹಿತ. ಎಂ.ಎಂಜಿ., ಅಂದರೆ ಮಾಸ್ಟರ್ ಆಫ್ ಎಂಜಿನಿಯರಿಂಗ್. ನೇರ ಪಿಎಚ್.ಡಿ. ಪ್ರತಿಯೊಂದಕ್ಕೂ ನಕ್ಷತ್ರದ ಗುರುತು, ಕೆಲವಕ್ಕೆ ಎರಡೆರಡು. ಊರಿಗೊಂದು ದಾರಿ, ಪೋರನಿಗೊಂದು ದಾರಿ ಅಂತಾರೆ. ಇಲ್ಲಿ ಪೋರ ಒಬ್ಬನೇ, ದಾರಿ ಮಾತ್ರ ಐದು.

ಥೀಸಿಸ್ ಬೇಕು ಅಂದೆ. ಸಲಹೆಗಾರರು ನನ್ನನ್ನು ಮರುಕದಿಂದ ನೋಡಿದರು. "ಸುಮ್ನೆ ಯಾಕೆ? ಕೆಲಸ ಸಿಗೋದು ತಡವಾಗುತ್ತೆ." 1937ರಲ್ಲಿ ಎಂಐಟಿಯಲ್ಲಿ ಕ್ಲಾಡ್ ಶಾನನ್‌ಗೂ ಯಾರಾದರೂ ಹೀಗೇ ಹೇಳಬೇಕಿತ್ತು. 21 ವರ್ಷದ ಹುಡುಗ, ರಿಲೇ ಅನ್ನೋ ವಿದ್ಯುತ್ ಸ್ವಿಚ್‌ಗಳ ಸರ್ಕ್ಯೂಟ್‌ಗಳಿಗೂ ನಿಜ-ಸುಳ್ಳು ಎರಡೇ ಬೆಲೆಯ ಬೂಲಿಯನ್ ಬೀಜಗಣಿತಕ್ಕೂ ಗಂಟು ಹಾಕಿ ಮಾಸ್ಟರ್ಸ್ ಥೀಸಿಸ್ ಬರೆದ. ಕಂಪ್ಯೂಟರ್ ಸರ್ಕ್ಯೂಟ್‌ಗಳನ್ನು ರೂಪಿಸುವ ಡಿಜಿಟಲ್ ಲಾಜಿಕ್ ಡಿಸೈನ್‌ಗೆ ಬುನಾದಿ ಬಿತ್ತು. ಪಾಪ, ಥೀಸಿಸ್ ರಹಿತ ಚೌಕಕ್ಕೆ ಟಿಕ್ ಹಾಕಿದ್ದರೆ ಬೇಗ ಮುಗಿಸಬಹುದಿತ್ತು.

ನಾನು ಜಾಣ. ಟಿಕ್ ಹಾಕಿದೆ.

ಆಮೇಲೆ ಸ್ಪೆಷಲೈಸೇಶನ್. ಪವರ್, ವಿಎಲ್‌ಎಸ್‌ಐ (ಚಿಪ್ ವಿನ್ಯಾಸ), ಕಂಟ್ರೋಲ್, ಫೋಟಾನಿಕ್ಸ್ (ಬೆಳಕಿನ ತಂತ್ರಜ್ಞಾನ), ಎಲ್ಲದರ ಮುಂದೆಯೂ ಈಗ 'ಎಐ ಆಧಾರಿತ'. ನಾನು ಎರಡು ಕೋರ್ಸ್ ತಗೊಂಡೆ. ಸೋಮವಾರ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ವಿಡ್ರೋ ಮತ್ತು ಹಾಫ್ ಅನ್ನೋ ಎಂಜಿನಿಯರುಗಳು 1960ರಲ್ಲಿ ಕೊಟ್ಟ ಎಲ್‌ಎಂಎಸ್ (ಲೀಸ್ಟ್ ಮೀನ್ ಸ್ಕ್ವೇರ್ಸ್) ಸೂತ್ರ ಕಲಿತೆ. ತಪ್ಪು ಎಷ್ಟಿದೆ ನೋಡು, ಅದಕ್ಕೆ ತಕ್ಕಷ್ಟು ತೂಕ ತಿದ್ದು, ಅಷ್ಟೇ. ಬುಧವಾರ ಮೆಷಿನ್ ಲರ್ನಿಂಗ್ ಕ್ಲಾಸ್‌ನಲ್ಲಿ ಬೋರ್ಡ್ ಮೇಲೆ ಅದೇ ಸಾಲು. ಹೆಸರು ಸ್ಟೊಕ್ಯಾಸ್ಟಿಕ್ ಗ್ರೇಡಿಯಂಟ್ ಡಿಸೆಂಟ್. ಕ್ರೆಡಿಟ್ ಬೇರೆ, ಫೀಸೂ ಬೇರೆ.

ಕ್ಲಾಸಿನಲ್ಲಿ ಬಲಗಡೆ ಥೀಸಿಸ್ ಸಹಿತ, ಎಡಗಡೆ ಎಂ.ಎಂಜಿ., ಮುಂದೆ ಪಿಎಚ್.ಡಿ. ಆ ಪಿಎಚ್.ಡಿ.ಯವನು ಅರ್ಹತಾ ಪರೀಕ್ಷೆಯಲ್ಲಿ ಎಡವಿದರೆ ಸಮಾಧಾನಕ್ಕೆ ಎಂ.ಎಸ್. ಕೊಟ್ಟು ಕಳಿಸುತ್ತಾರಂತೆ, ನಾವು ಗುರಿ ಅಂದುಕೊಂಡಿದ್ದನ್ನೇ. ಹಿಂದಿನ ಬೆಂಚಿನಲ್ಲಿ ಬ್ಯಾಚುಲರ್ ಹುಡುಗರು. ಅವರೂ ಅದೇ ಕೋರ್ಸ್‌ನವರೇ! ಅವರ ಹಾಳೆಯಲ್ಲಿ ಕೋರ್ಸ್ ನಂಬರ್ 400ರ ಸಾಲಿನದು, ನಮ್ಮದು 500ರದು. ಮೇಷ್ಟ್ರು ಒಬ್ಬರೇ, ಸ್ಲೈಡೂ ಒಂದೇ.

"ಹಾಗಾದರೆ ವ್ಯತ್ಯಾಸ ಏನು ಸರ್?"

"ಹೋಂವರ್ಕ್‌ನಲ್ಲಿ ಅವರಿಗೆ ಐದು ಪ್ರಶ್ನೆ, ನಿಮಗೆ ಆರು."

ಅಂದರೆ ನನ್ನ ಉನ್ನತ ಶಿಕ್ಷಣ ಪೂರ್ತಿ ಆ ಆರನೇ ಪ್ರಶ್ನೆಯಲ್ಲೇ ಇದೆ, ಅಲ್ವಾ? ಭಕ್ತಿಯಿಂದ ಕೂತೆ. ರಾತ್ರಿ ಎರಡಾದರೂ ಬಿಡಿಸಲಾಗಲಿಲ್ಲ. ಬಲಗಡೆಯವಳಿಗೂ ಬಂದಿರಲಿಲ್ಲ, ಪಿಎಚ್.ಡಿ.ಗೂ ಇಲ್ಲ. ಕೊನೆಗೆ ಬಿಡಿಸಿ ತೋರಿಸಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗ. ಅವನಿಗೆ ಹೊತ್ತು ಹೋಗುತ್ತಿರಲಿಲ್ಲವಂತೆ.