ಕೆಂಪು ಎಲೆಯ ಪಾಮ್, ಬುಡದಲ್ಲಿ ಅಡಿಕೆ ಸಿಪ್ಪೆ

ಸುಂಟಿಕೊಪ್ಪದ ಹತ್ತಿರದ ನಮ್ಮ ಭಾವನ ಮನೆಗೆ ಕೊರಿಯರಿನಲ್ಲಿ ಮೂರು ಸಸಿ ಬಂದವು. ಆನ್‌ಲೈನಿನಲ್ಲಿ ತರಿಸಿದ್ದು. ಚೀಟಿಯ ಮೇಲೆ ಚಾಂಬೆರೋನಿಯಾ ಮ್ಯಾಕ್ರೋಕಾರ್ಪಾ ಎಂದಿತ್ತು. ನ್ಯೂ ಕ್ಯಾಲೆಡೋನಿಯಾ ದ್ವೀಪದ ಪಾಮ್ ಅದು. ಹೊಸ ಸೋಗೆ ಬಿಚ್ಚುವಾಗ ಕಡುಕೆಂಪಾಗಿರುತ್ತದೆ, ಒಂದೆರಡು ವಾರದಲ್ಲಿ ಹಸಿರಾಗುತ್ತದೆ. ಒಂದೊಂದು ಸಸಿಗೂ ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದರು. ಭಾವನ ತಾಯಿ ಪೊಟ್ಟಣ ಬಿಚ್ಚಿದರು, ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿದರು, "ಇದು ಅಡಿಕೆ ಸಸಿ ಅಲ್ವಾ?" ಅಂದರು. ನಾರು ನಾರಾದ ಸಿಪ್ಪೆ ಇನ್ನೂ ಬುಡಕ್ಕೆ ಅಂಟಿಕೊಂಡಿತ್ತು.

ಅಡಿಕೆ ಸಸಿಯನ್ನು ಕೊಡಗಿಗೇ ಕಳಿಸಿ ಸಾವಿರ ರೂಪಾಯಿ ಕೇಳುವ ಧೈರ್ಯ ನೋಡಿ! ಆದರೆ ನನಗೆ ಚುಚ್ಚಿದ್ದು ಅದಲ್ಲ. ವಿಡಿಯೋ ಕಾಲ್‌ನಲ್ಲಿ ಭಾವ ಹೇಳಿದ ಮಾತು. "ಹೋಗ್ಲಿ ಬಿಡು. ಗಿಡ ಚೆನ್ನಾಗಿದೆ. ತೋಡಿನ ಪಕ್ಕ ನೆಡ್ತೀನಿ."

ನಾನಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ಇಲ್ಲಿಯ ಚಳಿಗಾಲದ ರಾತ್ರಿ, ಮಡಿಕೇರಿಯ ಜನವರಿ ರಾತ್ರಿ, ಎರಡೂ ಹೆಚ್ಚುಕಡಿಮೆ ಒಂದೇ. ಚಾಂಬೆರೋನಿಯಾ ಇಲ್ಲಿ ಮನೆ ಮುಂದಿನ ತೋಟಗಳಲ್ಲಿ ಚೆನ್ನಾಗಿ ಬರುತ್ತದೆ. ಭಾವನ ಮನೆಯ ಹಿಂದೆ, ಕಾಫಿಯ ನೆರಳಲ್ಲಿ, ಇನ್ನೂ ಚೆನ್ನಾಗಿ ಬಂದೀತು. ನಿಜವಾದ ಗಿಡ ಸಿಕ್ಕಿದ್ದರೆ.

ಇಲ್ಲಿ ಪಾಮ್ ಬೆಳೆಸುವವರೆಲ್ಲ ಸೇರುವ ಮಾರಾಟದ ದಿನ ಅಂತ ಇರುತ್ತದೆ. ಮನೆಯ ಹಿತ್ತಲಲ್ಲಿ ಬೆಳೆಸಿದ ಸಸಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ಜಾಸ್ತಿ ಮಂದಿ ನಿವೃತ್ತರು. ಒಬ್ಬ ಅಜ್ಜನ ಕುಂಡದ ಚೀಟಿ ನನಗೆ ಮರೆಯದು. ಗಿಡದ ಕುಲದ ಹೆಸರು ಬರೆದಿದ್ದ, ಜಾತಿಯ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ. ಕೆಳಗೆ ಬೀಜ ಯಾರ ತೋಟದ ಮರದಿಂದ ಬಂತು, ಯಾವ ವರ್ಷ ಬಿತ್ತಿದ್ದು ಅಂತ. ಪಕ್ಕದ ಕುಂಡದ ಅರ್ಧ ಬೆಲೆ. ಯಾಕೆ ಅಂತ ಕೇಳಿದೆ. ತಾಯಿ ಮರದ ಪಕ್ಕದಲ್ಲೇ ಅದರ ಹತ್ತಿರದ ಜಾತಿಯ ಇನ್ನೊಂದು ಮರ ಇದೆ, ಬೆರಕೆ ಆಗಿದ್ದರೂ ಆಗಿರಬಹುದು, ಇನ್ನೂ ನಾಲ್ಕು ಸುಳಿ ಬಿಚ್ಚದೆ ತಾನು ಹೆಸರು ಬರೆಯುವುದಿಲ್ಲ ಎಂದ. ಸುಮ್ನೆ ಒಂದು ಹೆಸರು ಬರೆದಿದ್ದರೆ ಪೂರ್ತಿ ಬೆಲೆಗೆ ನಾನೇ ಕೊಳ್ಳುತ್ತಿದ್ದೆ. ಕೇಳುವವರೂ ಇರಲಿಲ್ಲ.

ಈ ಶಿಸ್ತು ಒಂದೇ ದಿನದಲ್ಲಿ ಬಂದದ್ದಲ್ಲ. ಪಾಮ್ ಪ್ರಿಯರ ಅಂತರರಾಷ್ಟ್ರೀಯ ಸಂಘ ಅಮೆರಿಕದಲ್ಲಿ ಶುರುವಾದದ್ದು 1956ರಲ್ಲಿ. ಅವತ್ತಿನಿಂದ ಜನ ಬೀಜ ಹಂಚಿಕೊಂಡು, ಮೂಲ ಬರೆದಿಟ್ಟು, ತಪ್ಪು ಕಂಡರೆ ಒಬ್ಬರಿಗೊಬ್ಬರು ಹೇಳುತ್ತ ಬಂದಿದ್ದಾರೆ. ಪಾಮ್‌ಗೆ ಅದು ಬೇಕೇ ಬೇಕು. ಎಷ್ಟೋ ಪಾಮ್‌ಗಳಿಗೆ ಇರುವುದು ಒಂದೇ ಸುಳಿ. ಕಸಿ ಕಟ್ಟುವ ಹಾಗಿಲ್ಲ, ಕಡ್ಡಿ ಊರುವ ಹಾಗಿಲ್ಲ. ಬೀಜವೇ ಗತಿ. ತಾಯಿ ಮರ ಯಾವುದು ಅಂತ ಗೊತ್ತಿಲ್ಲದಿದ್ದರೆ ಸಸಿಯ ಹೆಸರಿಗೆ ಆಧಾರವೇ ಇಲ್ಲ. ಮೋಸ ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ, ಮಾರಿದವನ ಖಾತೆಯೇ ಇರುವುದಿಲ್ಲ.

ಕೊಡಗಿನವರಿಗೆ ಇದನ್ನೆಲ್ಲ ಹೇಳಿಕೊಡಬೇಕಾ? ನನ್ನ ಸಿಟ್ಟು ಇರುವುದೇ ಇಲ್ಲಿ. ಭಾವ ಕಾಫಿ ಸಸಿ ಮಾಡುವಾಗ ಬೀಜ ಎಲ್ಲಿಂದ ಅಂತ ಕೇಳದೆ ಒಂದು ಕಾಳು ಮುಟ್ಟುವುದಿಲ್ಲ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಸಿ ಇಂಟು ಆರ್ ಅನ್ನುವ ಬೆರಕೆ ಕಾಫಿ ತಳಿ ಯಾವುದು, ಹಳೇ ರೋಬಸ್ಟಾ ಯಾವುದು ಅಂತ ನಮ್ಮ ಕಡೆಯ ಹುಡುಗರಿಗೂ ಗೊತ್ತು. ಪಣಿಯೂರು ಮೆಣಸಿನ ಬಳ್ಳಿ ಅಂತ ಹೇಳಿ ಬೇರೇನೋ ಕೊಟ್ಟರೆ ಆ ನರ್ಸರಿಯ ಹೆಸರು ಗೋಣಿಕೊಪ್ಪದ ಸಂತೆಯಲ್ಲೇ ಹಾಳಾಗುತ್ತದೆ. ಅದೇ ಜನ ಫೋನಿನಲ್ಲಿ ಕೆಂಪು ಸೋಗೆಯ ಫೋಟೋ ಕಂಡರೆ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಹಾಕುತ್ತಾರೆ. ಅಂದದ ಗಿಡ ತಾನೇ, ಬೆಳೆ ಅಲ್ಲವಲ್ಲ ಅಂತ. ಮೋಸ ಹೋದರೂ ಬಾಯಿ ಬಿಡುವುದಿಲ್ಲ. ನಾಚಿಕೆ. ನೆಂಟರು ನಗುತ್ತಾರೆ ಅನ್ನುವ ಅಳುಕು. ಅದರ ಮೇಲೇ ಆ ಮಾರುವವರ ವ್ಯಾಪಾರ ನಿಂತಿರುವುದು.

ಕೇಳಬೇಕಾದ್ದು ಬಹಳವಿಲ್ಲ. ಬೆಳೆದ ಮರದ ಫೋಟೋ ಬೇಡ, ಕಳಿಸುವ ಸಸಿಯದೇ ಫೋಟೋ ಬೇಕು. ಬುಡ, ಎಲೆಯ ಬೆನ್ನು, ಹೊಸ ಸುಳಿ. ಚಾಂಬೆರೋನಿಯಾದಲ್ಲೂ ಎಲ್ಲ ಗಿಡಗಳೂ ಒಂದೇ ಥರ ಕೆಂಪು ಬಿಡುವುದಿಲ್ಲ, ಎಳೆಯದರಲ್ಲಂತೂ ಹೇಳಲಿಕ್ಕೇ ಆಗದು. ಹಾಗಾಗಿ "ಇನ್ನೂ ಸ್ವಲ್ಪ ಕಾಯಿರಿ ಸಾರ್" ಅಂತ ಮಾರುವವನು ವರ್ಷಗಟ್ಟಲೆ ದೂಡಬಹುದು. ಬುಡದ ಸಿಪ್ಪೆ ಮಾತ್ರ ಸುಳ್ಳು ಹೇಳುವುದಿಲ್ಲ.

ಸೋಗೆಯ ಒಂದೊಂದು ಗರಿಯ ಮಡಿಕೆ ನೋಡಿ. ಈಚಲು, ಬೈನೆ ಇವುಗಳ ಗರಿ ನೆಟ್ಟಗಿಟ್ಟ ದೋಣಿಯ ಹಾಗೆ ಮೇಲಕ್ಕೆ ಬಾಯಿ ತೆರೆದಿರುತ್ತದೆ. ಅಡಿಕೆ, ತೆಂಗಿನದು ಮಗುಚಿದ ದೋಣಿ. ಸೋಗೆ ಬಿಡುವ ವಿದೇಶಿ ಪಾಮ್‌ಗಳಲ್ಲೂ ಹೆಚ್ಚಿನವು ಈ ಎರಡನೇ ಗುಂಪಿನವು. ಅಂಥದೊಂದು ಹೆಸರು ಹೊತ್ತ ಗಿಡದ ಗರಿ ಮೇಲಕ್ಕೆ ಬಾಯಿ ತೆರೆದಿದ್ದರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಇಲ್ಲಿಯ ಅಲೆಕ್ಸಾಂಡ್ರಾ ಪಾಮ್, ಬ್ಯಾಂಗಲೋ ಪಾಮ್ ಎರಡೂ ದೂರದಿಂದ ಒಂದೇ. ಸೋಗೆ ತಿರುಗಿಸಿದರೆ ಅಲೆಕ್ಸಾಂಡ್ರಾದ ಬೆನ್ನು ಬೆಳ್ಳಗೆ ಬೂದಿ ಬಣ್ಣ, ಇನ್ನೊಂದರದು ಹಸಿರು. ಮಡಗಾಸ್ಕರಿನ ಬಿಸ್ಮಾರ್ಕಿಯಾದ ಬೆಳ್ಳಿ ಬಣ್ಣದ ತಳಿಯಾದರೆ ಎಳೆಯದರಲ್ಲಿ ಕೆಂಪು ನೇರಳೆಯ ಛಾಯೆ ಇರುತ್ತದೆ. ಬೆಳೆದ ಮೇಲೂ ಎಲೆ ಸೀಳದ ಜೋಯಿ ಪಾಮ್ ಇದು ಅಂತ ಸೀಳದ ಅಗಲ ಎಲೆಯ ಪುಟ್ಟ ಗಿಡ ತೋರಿಸಿದರೆ ನಂಬಬೇಡಿ. ಎಷ್ಟೋ ಪಾಮ್‌ಗಳ ಸಸಿಗೆ ಮೊದಮೊದಲು ಸೀಳದ ಎಲೆಯೇ ಇರುತ್ತದೆ. ಸಾಗೋ ಪಾಮ್ ಅಂತ ಮಾರುವ ಸೈಕಾಸ್ ಪಾಮ್ ಜಾತಿಯೇ ಅಲ್ಲ. ನೀಲಿ ಪಾಮ್, ಗುಲಾಬಿ ಪಾಮ್ ಅನ್ನುವ ಬೀಜದ ಪೊಟ್ಟಣಗಳ ಬಗ್ಗೆ ನಾನು ಹೇಳುವುದೇ ಇಲ್ಲ. ಪಾಮ್ ಬೀಜ ಎಷ್ಟೋ ಸಲ ಒಣಗಿದರೆ ಸಾಯುತ್ತದೆ, ತಿಂಗಳುಗಟ್ಟಲೆ ಪೊಟ್ಟಣದಲ್ಲಿ ಬಿದ್ದಿದ್ದು ಮೊಳೆಯುವುದು ಅಪರೂಪ.

ಹೆಸರು ಸರಿಯಿದ್ದರೂ ಊರಿಗೆ ಒಗ್ಗುತ್ತದಾ ಅಂತ ಹೇಳುವವರಿಲ್ಲ. ಕೆಂಪು ಹಾಳೆಯ ಲಿಪ್‌ಸ್ಟಿಕ್ ಪಾಮ್ ಮಲೇಷ್ಯಾ ಕಡೆಯ ಜೌಗಿನ ಗಿಡ, ಸೆಕೆ ಬೇಡುತ್ತದೆ. ಮಡಿಕೇರಿಯ ಚಳಿಗೆ ಅದು ಬಾಳುವುದು ಕಷ್ಟ. ಆದರೂ ಅಲ್ಲಿಗೇ ಮಾರುತ್ತಾರೆ. ಇಲ್ಲಿಯ ಆ ಅಜ್ಜನನ್ನು ಕೇಳಿದ್ದರೆ, ನಿನ್ನ ಊರಿನ ಚಳಿ ಎಷ್ಟು ಅಂತ ಮೊದಲು ವಿಚಾರಿಸಿ ಆಮೇಲೆ ಬೇಡ ಅನ್ನುತ್ತಿದ್ದ.

ಇಲ್ಲಿಯವರೆಲ್ಲ ಸಾಚಾ ಅಂತ ನಾನು ಹೇಳಲಾರೆ. ನಮ್ಮ ರೆಸಾರ್ಟ್‌ಗಳ ಮುಂದೆ ಸಾಲಾಗಿ ನಿಂತಿರುವ ಫಾಕ್ಸ್‌ಟೇಲ್ ಪಾಮ್ ನಾನಿರುವ ಈ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದೇ. ಕೇಪ್ ಮೆಲ್ವಿಲ್‌ನ ಬಂಡೆಗಳ ನಡುವಿನ ಗಿಡ. ಸಸ್ಯಶಾಸ್ತ್ರದ ಹೆಸರು ಸಿಕ್ಕಿದ್ದು 1983ರಲ್ಲಿ. ಬೇಡಿಕೆ ಏರಿದ ಮೇಲೆ ರಾಷ್ಟ್ರೀಯ ಉದ್ಯಾನದ ಕಾಡಿನಿಂದಲೇ ಅದರ ಬೀಜ ಕದ್ದು ಮಾರಿದರು. ಇಲ್ಲಿಯ ದೊಡ್ಡ ಅಂಗಡಿಗಳ ಚೀಟಿಯಲ್ಲೂ ತಪ್ಪು ಇರುತ್ತದೆ.

ಇನ್ನೊಂದು ಮಾತನ್ನೂ ಒಪ್ಪಬೇಕು. ಭಾವನ ತಾಯಿಗೆ ಇರುವ ಕಣ್ಣು ನಾನು ಇಲ್ಲಿ ಕಂಡ ಚೀಟಿ ಬರೆಯುವವರಲ್ಲಿ ಹೆಚ್ಚಿನವರಿಗೆ ಇಲ್ಲ. ಚೀಟಿ ಬಿದ್ದುಹೋದರೆ ಕೈ ಚೆಲ್ಲಿ ಕೂರುತ್ತಾರೆ. ಭಾವನ ತಾಯಿ ಮಣ್ಣು ಕೆದಕಿ ಎರಡು ನಿಮಿಷದಲ್ಲಿ ಹೇಳಿದ್ದನ್ನು ನಾನು ದೊಡ್ಡ ಪುಸ್ತಕ ಹಿಡಿದು ಹುಡುಕಬೇಕು. ಭಾವ ಸುಮ್ಮನಾದದ್ದಕ್ಕೂ ಕಾರಣ ಇದ್ದೀತು. ತೋಟದ ಕೆಲಸದ ನಡುವೆ ದೂರು ಬರೆದುಕೊಂಡು ಕೂರಲು ಪುರುಸೊತ್ತು ಎಲ್ಲಿ?

ಆದರೂ ಒಂದು ಆಸೆ. ಪಿನಾಂಗ ಡಿಕ್ಸೋನೀ ಅಂತ ಪಶ್ಚಿಮ ಘಟ್ಟದಲ್ಲಿ ಮಾತ್ರ ಹುಟ್ಟುವ ಸಣ್ಣ ಪಾಮ್ ಇದೆ, ಕೊಡಗಿನ ಮಳೆಕಾಡಿನ ನೆರಳಲ್ಲಿ ಸಿಗುತ್ತದೆ. ತೆಳ್ಳಗಿನ ಅಡಿಕೆ ಮರಗಳ ಗುಂಪಿನಂತೆ ಕಾಣುವ ಗಿಡ. ಅದನ್ನು ಕಾಡಿನಿಂದ ಕಿತ್ತು ಅಪರೂಪದ್ದು ಅಂತ ಮಾರುವವರಿಂದ ಯಾರೂ ಕೊಳ್ಳಬಾರದು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ. ಅಲ್ಲಿಯ ಹುಡುಗರು ಅನುಮತಿ ಪಡೆದು ಬೀಜದಿಂದ ಸಸಿ ಮಾಡಿ, ತಾಯಿ ಮರ ಎಲ್ಲಿಯದು, ಯಾವ ವರ್ಷ ಬಿತ್ತಿದ್ದು ಅಂತ ಬರೆದು ಕೊಟ್ಟರೆ ಭಾವನ ಹೆಸರಲ್ಲಿ ನಾನು ಇವತ್ತೇ ದುಡ್ಡು ಕಳಿಸುತ್ತೇನೆ.